ಕುಶಲೋಪರಿಗೆ ಕತ್ತರಿ

ಸೆಗು ಪಟ್ಟಣದ ಇತಿಹಾಸದಲ್ಲಿ ಯಾರೂ ಮಾಡದ ಸುಧಾರಣೆಯೊಂದನ್ನು ನಾನು ಮಾಡಲು ಹೊರಟಿದ್ದೆ. ರಾಜರು ಬಂದರು, ಹೋದರು. ಸೈನ್ಯಗಳು ಬಂದವು, ಹೋದವು. ಆದರೆ "ರಾತ್ರಿ ಸುಖವಾಗಿ ಕಳೀತಾ?" ಎಂಬ ಪ್ರಶ್ನೆಯ ಬಾಲ ಕತ್ತರಿಸುವ ಎದೆಗಾರಿಕೆ ಮಾತ್ರ ಯಾರಿಗೂ ಬಂದಿರಲಿಲ್ಲ. ಅದು ಸಿಯಾಕಾ ಕೊನೆ ಎಂಬ ನನಗೆ, ಸರ್ಕಾರಿ ಶಾಲೆಯ ಲೆಕ್ಕದ ಮೇಷ್ಟ್ರಿಗೆ, ಒಂದು ಮಂಗಳವಾರ ಬೆಳಿಗ್ಗೆ ಸಜ್ಜೆ ಗಂಜಿ ಕುಡಿಯುತ್ತಿರುವಾಗ ಬಂತು. ಕೊನೆ ಎಂಬುದು ನನ್ನ ಮನೆತನದ ಹೆಸರು. ಕೊನೆಯಿಲ್ಲದ್ದಕ್ಕೆ ಕೊನೆ ಹಾಡಲು ಕೊನೆಯೇ ಬರಬೇಕಾಯಿತು ನೋಡಿ!

ನನ್ನ ಮನೆಯಿಂದ ಶಾಲೆಗೆ ಸೈಕಲ್ಲಿನಲ್ಲಿ ಹತ್ತೇ ನಿಮಿಷ. ಆದರೆ ನಾನು ಒಂದು ದಿನವೂ ಹತ್ತು ನಿಮಿಷದಲ್ಲಿ ತಲುಪಿದವನಲ್ಲ. ದಾರಿಯುದ್ದಕ್ಕೂ ಹನ್ನೊಂದು ಜನ ಕೂತಿರುತ್ತಾರೆ. ಹನ್ನೊಂದು ಕಡೆ ಇಳಿಯಬೇಕು, ಹನ್ನೊಂದು ಸಲ ಕೈ ಎದೆಗೆ ಒತ್ತಿಕೊಳ್ಳಬೇಕು. ಮೊದಲನೆಯವರೇ ಬ್ರೇಮಾ ತ್ರಾವೊರೆ ಅಜ್ಜ. ಬೇವಿನ ಮರದ ಕೆಳಗೆ ಹಗ್ಗ ಹೊಸೆಯುತ್ತಾ ಕೂತಿರುತ್ತಾರೆ. ಹಗ್ಗಕ್ಕೂ ಉದ್ದ ಅವರ ಮಾತು.

"ರಾತ್ರಿ ಸುಖವಾಗಿ ಕಳೀತಾ, ಸಿಯಾಕಾ?"

"ಬರೀ ಸುಖ, ಅಜ್ಜ."

"ಮನೆಯವರು?"

"ಅವರಿಗೇನೂ ತೊಂದರೆಯಿಲ್ಲ."

"ಮಗು?"

"ತೊಂದರೆಯಿಲ್ಲ."

"ಅತ್ತೆ ಮಾವ?"

"ತೊಂದರೆಯಿಲ್ಲ."

"ಬಮಾಕೋದಲ್ಲಿರೋ ತಮ್ಮ? ಅವನ ಹೆಂಡ್ತಿ? ಅವಳ ಅಣ್ಣ, ಆ ಕುಂಟ?"

"ಯಾರಿಗೂ ತೊಂದರೆಯಿಲ್ಲ, ಅಜ್ಜ."

ಆಮೇಲೆ ನನ್ನ ಸರದಿ. ಅವರ ಇಬ್ಬರು ಹೆಂಡಿರು, ಏಳು ಗಂಡು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಕಟ್ಟಕಡೆಗೆ ಕತ್ತೆ. ಎಲ್ಲರಿಗೂ ತೊಂದರೆಯಿಲ್ಲ. ಕಳೆದ ಮಳೆಗಾಲದ ಒಂದು ಬೆಳಿಗ್ಗೆಯೂ ಹೀಗೇ ಕೇಳಿದೆ. ಮನೆ? ತೊಂದರೆಯಿಲ್ಲ. ಕತ್ತೆ? ತೊಂದರೆಯಿಲ್ಲ. ಎಲ್ಲ ಮುಗಿದು ನಾನು ಸೈಕಲ್ ಹತ್ತುವಾಗ ಅಜ್ಜ ಹಗ್ಗದಿಂದ ಕಣ್ಣೆತ್ತದೆ ಹೇಳಿದರು:

"ಅಂದ ಹಾಗೆ, ನಸುಕಲ್ಲಿ ಹಿತ್ಲ ಗೋಡೆ ಬಿತ್ತು. ಕತ್ತೆ ಅದರ ಕೆಳಗಿದೆ. ಸ್ವಲ್ಪ ಕೈ ಹಾಕ್ತೀಯಾ?"

ಇದು ನಮ್ಮೂರು. ಬೀಳ್ಕೊಡುವಾಗ ಅವರು "ಹೋಗು, ಅಲಸಂದೆ ತಿನ್ನೋನೇ!" ಎನ್ನಬೇಕು, ನಾನು "ತಿನ್ನೋದು ನಿಮ್ಮ ತಟ್ಟೇಲಿ ಮಿಕ್ಕಿದ್ದನ್ನೇ!" ಎನ್ನಬೇಕು. ಕೊನೆ ಮನೆತನದವರೂ ತ್ರಾವೊರೆ ಮನೆತನದವರೂ ಎದುರುಬದುರಾದರೆ ಹೀಗೆ ಬೈದಾಡಿಕೊಳ್ಳುವುದು ತಾತ ಮುತ್ತಾತಂದಿರ ಕಾಲದ ಹಕ್ಕು. ಬೈಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ನನ್ನ ಹೆಂಡತಿ ನ್ಯೇಲೆಯೂ ತ್ರಾವೊರೆ ಮನೆತನದವಳೇ. ಅಂದರೆ ಬೈಯುವ ಹಕ್ಕು ಅವಳಿಗೆ ಎರಡು ಪಟ್ಟು.

ಆ ಮಂಗಳವಾರ ಗಂಜಿಯ ಬಟ್ಟಲು ಪಕ್ಕಕ್ಕಿಟ್ಟು, ಹಳೆಯ ನೋಟುಬುಕ್ಕಿನ ಹಿಂದೆ ಲೆಕ್ಕ ಹಾಕಿ, ನಾನು ಅವಳ ಮುಂದೆ ಘೋಷಿಸಿದೆ: "ಕೇಳು! ತಲೆಗೆ ನಾಲ್ಕು ನಿಮಿಷದಂತೆ ಹನ್ನೊಂದು ತಲೆ, ಹೋಗುತ್ತಾ ಬರುತ್ತಾ. ದಿನಕ್ಕೆ ಎಂಬತ್ತೆಂಟು ನಿಮಿಷ. ವರ್ಷಕ್ಕೆ ಇಪ್ಪತ್ತೆರಡು ದಿನ. ನಲವತ್ತು ವರ್ಷಕ್ಕೆ ಎರಡು ವರ್ಷ ಐದು ತಿಂಗಳು! ನನ್ನ ಆಯುಸ್ಸಿನಲ್ಲಿ ಎರಡು ವರ್ಷ ಐದು ತಿಂಗಳು ಕಂಡವರ ಕತ್ತೆಯ ಯೋಗಕ್ಷೇಮಕ್ಕೆ ಹೋಗುತ್ತಿದೆ!"

ನ್ಯೇಲೆ ಒಣಮೀನು ಆರಿಸುತ್ತಾ ಕೂತಿದ್ದಳು.

"ಅದನ್ನ ಉಳಿಸಿ ಏನ್ ಮಾಡ್ತೀರಿ?"

ಆ ಲೆಕ್ಕ ನಾನು ಹಾಕಿರಲಿಲ್ಲ. "ಏನೂ ಇಲ್ಲ... ಉಳಿಯುತ್ತೆ."

"ಎಲ್ಲಿಡ್ತೀರಿ? ಮಂಚದ ಕೆಳಗೆ ಜಾಗ ಇಲ್ಲ."

ಸುಧಾರಕರಿಗೆ ಮೊದಲ ವಿರೋಧ ಮನೆಯಿಂದಲೇ. ನಾನು ಧೃತಿಗೆಡಲಿಲ್ಲ. ರಾತ್ರಿ, ಮನೆ, ಮಗು, ಅತ್ತೆ, ಮಾವ, ಕತ್ತೆ ಎಲ್ಲವನ್ನೂ ಒಂದೇ ಏಟಿಗೆ ಮುಗಿಸುವ ವಾಕ್ಯವೊಂದನ್ನು ಕಂಡುಹಿಡಿದಿದ್ದೆ: "ಎಲ್ಲಾ ನಿನ್ನೆ ಹಾಗೇ!" ಇಳಿಯುವ ಹಾಗಿಲ್ಲ. ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಗಾಳಿಯಲ್ಲಿ, "ಎಲ್ಲಾ ನಿನ್ನೆ ಹಾಗೇ!" ಅಷ್ಟೇ. ಪೆಡಲ್ ತುಳಿಯುವುದು.

ಮೊದಲ ದಿನ ಬ್ರೇಮಾ ಅಜ್ಜ "ರಾತ್ರಿ..." ಎನ್ನುವಷ್ಟರಲ್ಲಿ ನಾನು ಮರ ದಾಟಿದ್ದೆ. ಅವರ ಬಾಯಿಯಲ್ಲಿ "ಸುಖವಾಗಿ" ಹಾಗೇ ಉಳಿಯಿತು. ಶಾಲೆಗೆ ನಲವತ್ತನಾಲ್ಕು ನಿಮಿಷ ಮುಂಚೆ ಮುಟ್ಟಿದೆ. ಗೇಟಿಗೆ ಬೀಗ ಹಾಕಿತ್ತು. ಕಟ್ಟೆಯ ಮೇಲೆ ಕೂತು, ಉಳಿಸಿದ ನಲವತ್ತನಾಲ್ಕು ನಿಮಿಷವನ್ನೂ ಅಲ್ಲೇ ಖರ್ಚು ಮಾಡಿದೆ. ಆದರೂ ವಿಜಯ ವಿಜಯವೇ!

ಮೂರನೆಯ ದಿನ ಸುಧಾರಣೆ ಮುಂದಿನ ತಲೆಮಾರಿಗೂ ಹಬ್ಬಿತು. ನನ್ನ ಮಗಳು ಸಾರಾನ್‌ಗೆ ನಾಲ್ಕು ವರ್ಷ. ಕೇಳಿದ್ದನ್ನೆಲ್ಲ ಹೀರಿಕೊಳ್ಳುವ ವಯಸ್ಸು. ಬ್ರೇಮಾ ಅಜ್ಜ ನಾನು ನಿಲ್ಲದೆ ಹೋಗುತ್ತಿರುವುದಕ್ಕೆ ಗಾಬರಿಯಾಗಿ, ಊರುಗೋಲು ಊರಿಕೊಂಡು ನಮ್ಮ ಮನೆಗೇ ಬಂದರು. ಬಾಗಿಲಲ್ಲಿ ಸಾರಾನ್ ನಿಂತಿದ್ದಳು. ಮೊಮ್ಮಗಳ ವಯಸ್ಸಿನವರನ್ನು ಅಜ್ಜಂದಿರು ತಮಾಷೆಗೆ ಹೆಂಡತಿ ಎಂದೇ ಕರೆಯುವುದು ನಮ್ಮಲ್ಲಿ ರೂಢಿ.

"ಏನೇ ನನ್ನ ಹೆಂಡ್ತೀ, ರಾತ್ರಿ ಸುಖವಾಗಿ ಕಳೀತಾ?"

"ಎಲ್ಲಾ ನಿನ್ನೆ ಹಾಗೇ!" ಎಂದವಳೇ ದಡಾರನೆ ಬಾಗಿಲು ಹಾಕಿಕೊಂಡಳು.

ಅಜ್ಜ ಬಾಗಿಲಿಗೇ ತಮ್ಮ ಮನೆಯವರೆಲ್ಲರ ಕ್ಷೇಮಸಮಾಚಾರ ಹೇಳಿ ವಾಪಸು ಹೋದರಂತೆ.

ಸಂಜೆ ನ್ಯೇಲೆ ನನ್ನ ಮೇಲೆ ಬಿದ್ದಳು. "ಮಗು ಮಾತು ಕಲಿಯೋ ವಯಸ್ಸಲ್ಲಿ ಬಾಗಿಲು ಹಾಕೋದು ಕಲ್ಸಿದ್ರಲ್ಲ! ನಮ್ಮೂರಲ್ಲಿ ಕುಶಲ ಕೇಳ್ದೆ ಮಾತಾಡೋರು ಇಬ್ಬರೇ ತಿಳ್ಕೊಳ್ಳಿ. ಒಬ್ಬ ಕಳ್ಳ. ಇನ್ನೊಬ್ಬ ಸಾವಿನ ಸುದ್ದಿ ತರೋನು."

"ಮೂರನೆಯವನು ಲೆಕ್ಕದ ಮೇಷ್ಟ್ರು," ಎಂದೆ ನಾನು, ಬಹಳ ಚೆನ್ನಾಗಿ ಹೇಳಿದೆ ಎಂದುಕೊಂಡು.

ಸೋಮವಾರ ಬಂತು. ಸೋಮವಾರವೆಂದರೆ ಸಂತೆ. ನ್ಯೇಲೆ ಮೀನಿನ ಬುಟ್ಟಿ ಹೊತ್ತು, ಸಾರಾನ್ ಕೈ ಹಿಡಿದುಕೊಂಡು ನಸುಕಿನಲ್ಲೇ ಹೊರಟಿದ್ದಳು. ಬಾಗಿಲಲ್ಲಿ ನಿಂತು ಕೇಳಿದಳು: "ಎಚ್ಚರ ಆಯ್ತಾ? ಸುಖವಾಗಿ ಎದ್ರಾ?"

"ನಿನ್ನೆ ಹಾಗೇ," ಎಂದೆ, ಹೊದಿಕೆಯ ಒಳಗಿಂದ.

ಅವಳು ಬುಟ್ಟಿ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಹೇಳಿದಳು: "ಗುರುವಾರ ಪಕ್ಕದ ಮನೆ ಕೂಸಿನ ನಾಮಕರಣ. ನಮ್ಮಮ್ಮನ ಮನೆಯಿಂದ ದೊಡ್ಡ ಕೊಪ್ಪರಿಗೆ ತರಬೇಕು. ಶಾಲೆಗೆ ಹೋಗೋ ಮುಂಚೆ ತಂದು ಅಂಗಳದಲ್ಲಿ ಇಟ್ಟಿರಿ. ಅಮ್ಮನ ಹತ್ರ ಆದ್ರೂ ನೆಟ್ಟಗೆ ಮಾತಾಡಿ." ಹೊರಟುಹೋದಳು. ಮೊಬೈಲು ದಿಂಬಿನ ಕೆಳಗೇ ಮರೆತಿದ್ದಳು.

ನಮ್ಮ ಅತ್ತೆಯ ಮನೆಯಲ್ಲಿ ಕುಶಲೋಪರಿ ಎಂದರೆ ಅದಕ್ಕೆ ನಾಲ್ಕು ನಿಮಿಷ ಎಲ್ಲಿ ಸಾಲಬೇಕು? ಅರ್ಧ ಗಂಟೆ ಬೇಕು. ನನಗೆ ಹೊತ್ತಾಗಿತ್ತು. ಅಂಗಳಕ್ಕೆ ನುಗ್ಗಿದೆ. ಅತ್ತೆ ಒರಳಲ್ಲಿ ಸಜ್ಜೆ ಕುಟ್ಟುತ್ತಿದ್ದರು. ಮಾವ ಸುಂಕಾಲೊ ತ್ರಾವೊರೆಯವರು ನಮಾಜಿನ ಚಾಪೆ ಮಡಿಸುತ್ತಿದ್ದರು. ನಾನು ಸೈಕಲ್ಲಿನಿಂದ ಒಂದೇ ಕಾಲು ಇಳಿಸಿ ಹೇಳಿದೆ:

"ಅತ್ತೆ, ದೊಡ್ಡ ಕೊಪ್ಪರಿಗೆ ಬೇಕು. ಬೇಗ."

ಒನಕೆ ಮೇಲೆಯೇ ನಿಂತಿತು.

ಕುಶಲ ಕೇಳದೆ ಬಂದವನು. ದೊಡ್ಡ ಕೊಪ್ಪರಿಗೆ ಕೇಳುತ್ತಿದ್ದಾನೆ. ಮದುವೆಗೋ ಸಾವಿಗೋ ಸೇರಿದ ನೂರು ಜನರಿಗೆ ಅನ್ನ ಬೇಯುವ ಕೊಪ್ಪರಿಗೆ. ಈಗ ಯೋಚಿಸಿದರೆ ನನಗೂ ಅರ್ಥವಾಗುತ್ತದೆ. ಆಗ ನಾನು ಗಡಿಯಾರ ನೋಡುತ್ತಿದ್ದೆ.

"ಯಾರಿಗೆ?" ಎಂದರು ಅತ್ತೆ, ಸಣ್ಣ ದನಿಯಲ್ಲಿ.

"ನ್ಯೇಲೆಗೆ."

ಒನಕೆ ಕೈಯಿಂದ ಜಾರಿ ಬಿತ್ತು. "ನ್ಯೇಲೆ... ನನ್ನ ನ್ಯೇಲೆ ಎಲ್ಲಿ?"

"ನಸುಕಲ್ಲೇ ಹೋದಳು, ಅತ್ತೆ."

"ಮಗು? ಸಾರಾನ್?"

"ಅವಳೂ ಜೊತೆಗೇ ಹೋದಳು."

ಅತ್ತೆ ಒರಳಿನ ಪಕ್ಕದಲ್ಲೇ ಕುಸಿದು ಕೂತರು. ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾರೆ ಎಂದುಕೊಂಡೆ. ಮಾವ ಚಾಪೆ ಅಲ್ಲೇ ಬಿಟ್ಟರು. ತಾವೇ ಒಳಗೆ ಹೋಗಿ, ಕೊಪ್ಪರಿಗೆ ಹೊತ್ತು ತಂದು, ನನ್ನ ಸೈಕಲ್ಲಿನ ಹಿಂದೆ ಬಿಗಿಯಾಗಿ ಕಟ್ಟಿದರು. ಗಂಟನ್ನು ಮೂರು ಸಲ ಬಿಚ್ಚಿ ಮೂರು ಸಲ ಹಾಕಿದರು. ವಯಸ್ಸಾಯಿತು ಪಾಪ ಎಂದುಕೊಂಡೆ. ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

"ಗಟ್ಟಿಯಾಗಿರು, ಅಳಿಯಾ."

"ಗಟ್ಟಿಯಾಗೇ ಇದೀನಿ ಮಾವ. ಇದಕ್ಕಿಂತ ಭಾರದ್ದೂ ಹೊತ್ತಿದೀನಿ!"

ಹೊರಟೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಅರ್ಧ ಗಂಟೆಯ ಕೆಲಸ, ಎರಡು ನಿಮಿಷ!

ಬೇವಿನ ಮರದ ಬಳಿ ಬ್ರೇಮಾ ಅಜ್ಜ ಕೂಗಿದರು: "ಏಯ್ ಕೊನೆ! ಅಷ್ಟು ದೊಡ್ಡ ಕೊಪ್ಪರಿಗೆ ತುಂಬಾ ಅಲಸಂದೆ ತಿಂತೀಯಾ?" ಕೊಪ್ಪರಿಗೆ ಓಲಾಡುತ್ತಿದ್ದುದರಿಂದ ಕೈಯೆತ್ತಲೂ ಆಗಲಿಲ್ಲ, ಬಾಯಿ ತೆರೆಯಲೂ ಆಗಲಿಲ್ಲ. ಹಲ್ಲು ಕಚ್ಚಿಕೊಂಡು ಮುಂದೆ ಹೋದೆ. ಆಮೇಲೆ ಅಜ್ಜನೇ ಹೇಳಿದ್ದು, ತಮ್ಮ ಎಂಬತ್ತು ವರ್ಷದಲ್ಲಿ ಒಬ್ಬ ಕೊನೆ ತ್ರಾವೊರೆಯ ಬೈಗುಳಕ್ಕೆ ಉತ್ತರ ಕೊಡದೆ ಹೋದದ್ದು ಅದೇ ಮೊದಲು. ಹಗ್ಗ ಕೈಯಿಂದ ಬಿಟ್ಟು ಎದ್ದು ನಿಂತರಂತೆ. ಅಷ್ಟರಲ್ಲಿ ಅತ್ತೆಯ ಬೀದಿಯಿಂದ ಅಳುವ ದನಿ ಕೇಳಿಸಿತಂತೆ.

ಕೊಪ್ಪರಿಗೆಯನ್ನು ಅಂಗಳದಲ್ಲಿ ಬೋರಲು ಹಾಕಿ ನಾನು ಶಾಲೆಗೆ ಹೋದೆ.

ಹತ್ತು ಗಂಟೆಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಹೆಡ್ಮಾಸ್ತರ್ ದಾವೊ ಬಾಗಿಲಲ್ಲಿ ನಿಂತರು. ಟೋಪಿ ಕೈಯಲ್ಲಿತ್ತು.

"ಕೊನೆ ಮೇಷ್ಟ್ರೇ, ಮನೆಗೆ ಹೋಗಿ."

"ಯಾಕ್ ಸಾರ್? ಇನ್ನೂ ಎರಡು ಪೀರಿಯಡ್ ಇದೆ."

"ಇಂಥಾ ದಿನಾನೂ ಪಾಠಕ್ಕೆ ಬಂದ್ರಲ್ಲ..." ಅವರು ಟೋಪಿಯಿಂದ ಕಣ್ಣೊತ್ತಿಕೊಂಡರು. "ಹೋಗಿ. ಧೈರ್ಯ ತಗೊಳ್ಳಿ."

ನನ್ನ ಸಮಯಪಾಲನೆಗೆ ಹೆಡ್ಮಾಸ್ತರರ ಕಣ್ಣಲ್ಲಿ ನೀರು ಬಂದದ್ದು ನೋಡಿ ನನಗೂ ಹೃದಯ ತುಂಬಿ ಬಂತು. ರಜೆ ಕೊಡುತ್ತಿದ್ದಾರೆ ಎಂದುಕೊಂಡು ಹೊರಟೆ.

ನಮ್ಮ ಬೀದಿಗೆ ತಿರುಗಿದರೆ, ಮನೆಯ ಮುಂದೆ ಚಾಪೆಗಳು! ಚಾಪೆಗಳ ಮೇಲೆ ಊರಿನ ಗಂಡಸರು! ಒಳಗಿನಿಂದ ಹೆಂಗಸರ ಅಳು! ನಾನು ತಂದಿಟ್ಟ ಕೊಪ್ಪರಿಗೆಯ ಕೆಳಗೆ ಬೆಂಕಿ, ಒಳಗೆ ಕುದಿಯುತ್ತಿರುವ ಅನ್ನ! ನಾನು ಸೈಕಲ್ ಇಳಿಯುತ್ತಿದ್ದಂತೆ ಎಲ್ಲರೂ ಎದ್ದು ಬಂದು ಕೈ ಹಿಡಿದರು.

"ದೇವರು ಕರುಣೆ ತೋರಲಿ."

"ಮಲಗಿದ ಜಾಗ ತಂಪಾಗಿರಲಿ."

"ಆಮೀನ್," ಎಂದೆ. "ಆಮೀನ್." ಯಾರು ಎಂದು ಕೇಳುವ ಬದಲು ತಲೆಯಲ್ಲೇ ಲೆಕ್ಕ ಹಾಕಿದೆ. ಬೆಳಿಗ್ಗೆ ಒರಳಿನ ಪಕ್ಕದಲ್ಲಿ ಕುಸಿದು ಕೂತದ್ದು ಯಾರು? ಅತ್ತೆ! ಅಯ್ಯೋ, ನಾನು ಗಡಿಯಾರ ನೋಡುತ್ತಾ ಹೊರಟುಬಂದೆನಲ್ಲ! "ಅಯ್ಯೋ ಅತ್ತೇ!" ಎಂದು ಎದೆ ಬಡಿದುಕೊಳ್ಳುತ್ತಾ ಒಳಗೆ ನುಗ್ಗಿದೆ. ಎಂಥ ಅಳಿಯ ನೋಡಿ, ತನ್ನ ದುಃಖದಲ್ಲೂ ಅತ್ತೆಯ ದುಃಖ ನೆನೆಯುತ್ತಾನೆ ಎಂದು ಗಂಡಸರು ಕಣ್ಣೊರೆಸಿಕೊಂಡರಂತೆ.

ಒಳಗೆ ಹೆಂಗಸರ ನಡುವೆ ಅತ್ತೆ ಕೂತಿದ್ದರು. ನಾನು ಕಿರುಚಿದೆ.

"ಅತ್ತೇ! ನೀವು ಬದುಕಿದೀರಾ!"

"ನಾನ್ಯಾಕಪ್ಪಾ ಬದುಕಿದೀನಿ!" ಅತ್ತೆ ನನ್ನ ಅಂಗಿ ಹಿಡಿದು ಜಗ್ಗಿದರು. "ನಾನು ಹೋಗಿ ಅವರಿಬ್ಬರೂ ಉಳೀಬಾರ್ದಿತ್ತಾ!"

"ಯಾರು... ಯಾರಿಬ್ಬರು?"

"ನನ್ನ ನ್ಯೇಲೆ! ನನ್ನ ಸಾರಾನ್!"

ದಿಂಬಿನ ಕೆಳಗೆ ನ್ಯೇಲೆಯ ಮೊಬೈಲು ರಿಂಗಾಗುತ್ತಿತ್ತು. ಯಾರೋ ಅಲ್ಲೇ ನಿಂತು ಅವಳಿಗೆ ಫೋನ್ ಮಾಡುತ್ತಿದ್ದರು. ನಾನು ಮಂಚದ ಅಂಚಿಗೆ ಕೂತೆ. ನಗಿಸಲು ಹೊರಟವನು ಇಲ್ಲಿ ಸ್ವಲ್ಪ ತಡೆದುಕೊಳ್ಳುತ್ತೇನೆ. ಸಂತೆಯ ದಾರಿಯಲ್ಲಿ ಲಾರಿಗಳು ಹೇಗೆ ಓಡುತ್ತವೆ ಎಂದು ನನಗೆ ಗೊತ್ತು. ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತಿದ್ದಳು. ಸುಖವಾಗಿ ಎದ್ರಾ ಎಂದು ಕೇಳಿದ್ದಳು. ನಾನು ಹೊದಿಕೆ ಸರಿಸಿ ಅವಳ ಮುಖವನ್ನೂ ನೋಡಿರಲಿಲ್ಲ. ಎಷ್ಟು ನಿಮಿಷ ಉಳಿಸಿದೆ ಎಂದು ಆಗ ಯಾರಾದರೂ ಕೇಳಿದ್ದರೆ ನಾನು ಉತ್ತರ ಹೇಳುತ್ತಿರಲಿಲ್ಲ. ಲೆಕ್ಕವೇ ಮರೆತುಹೋಗಿತ್ತು.

ಹಾಗೆ ಎಷ್ಟು ಹೊತ್ತು ಕೂತಿದ್ದೆನೋ. ಬೀದಿಯ ತುದಿಯಿಂದ ಹೊಸದೊಂದು ಅಳು ಕೇಳಿಸಿತು. ಓಡುತ್ತಾ ಅಳುವ ಅಳು. ಅದು ಹತ್ತಿರವಾಗುತ್ತಾ ಬಂತು.

"ಅಯ್ಯೋ ಸಿಯಾಕಾ! ಅಯ್ಯೋ ನನ್ನ ಅಲಸಂದೆ ತಿನ್ನೋನೇ! ಇನ್ಮೇಲೆ ನಾನ್ಯಾರನ್ನ ಬಯ್ಯಲಿ!"

ಮೊದಲು ಒಳಗೆ ಬಂದವಳು ಸಾರಾನ್. ಕೈಯಲ್ಲಿ ಅರ್ಧ ತಿಂದ ಸಜ್ಜೆ ಬೋಂಡ. ಅಷ್ಟೊಂದು ಜನರನ್ನು ಕಂಡು, ತಾನು ಕಲಿತ ಶಿಷ್ಟಾಚಾರದಂತೆ ಕೈಯೆತ್ತಿ "ಎಲ್ಲಾ ನಿನ್ನೆ ಹಾಗೇ!" ಎಂದಳು. ಹಿಂದೆಯೇ ನ್ಯೇಲೆ. ತಲೆವಸ್ತ್ರ ಬಿಚ್ಚಿಹೋಗಿತ್ತು, ಒಂದೇ ಕಾಲಲ್ಲಿ ಚಪ್ಪಲಿ. "ನಿನ್ನ ಮನೆ ಮುಂದೆ ಚಾಪೆ ಹಾಸಿದಾರೆ, ಕೊಪ್ಪರಿಗೆ ಬೇಯ್ತಾ ಇದೆ" ಎಂದು ಸಂತೆಯಲ್ಲಿ ಯಾರೋ ಹೇಳಿದ್ದರಂತೆ. ಬೆಳಿಗ್ಗೆ ಮನೆಯಲ್ಲಿ ಉಳಿದವನು ನಾನೊಬ್ಬನೇ. ಅವಳೂ ಲೆಕ್ಕ ಹಾಕಿದ್ದಳು.

ನಾನು ಎದ್ದು ನಿಂತೆ. ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ.

ಅತ್ತೆಗೆ ಎಚ್ಚರ ತಪ್ಪಿತು.

ಅವರ ಮುಖಕ್ಕೆ ನೀರು ಚಿಮುಕಿಸಿ, ನ್ಯೇಲೆಯನ್ನು ಮುಟ್ಟಿಮುಟ್ಟಿ ನೋಡಿ, ಸಾರಾನ್‌ಳನ್ನು ಒಬ್ಬರಿಂದ ಒಬ್ಬರು ಎತ್ತಿಕೊಂಡು, ಎಲ್ಲ ಸ್ವಲ್ಪ ತಣ್ಣಗಾದ ಮೇಲೆ ಬ್ರೇಮಾ ಅಜ್ಜ ಅಂಗಳದ ನಡುವೆ ನಿಂತು ಕೇಳಿದರು:

"ಹಾಗಾದ್ರೆ ಸತ್ತಿದ್ದು ಯಾರು?"

ಯಾರೂ ಕೈಯೆತ್ತಲಿಲ್ಲ.

ವಿಚಾರಣೆ ಶುರುವಾಯಿತು. ಹೆಣಗಳು ಆಸ್ಪತ್ರೆಯಿಂದ ಬರುತ್ತವೆ ಎಂದೇ ಎಲ್ಲರೂ ಕಾದಿದ್ದರಂತೆ. ಹೆಡ್ಮಾಸ್ತರಿಗೆ ಹೇಳಿದ್ದು ಮಸೀದಿಯವರು. ಮಸೀದಿಗೆ ಹೇಳಿದ್ದು ಬ್ರೇಮಾ ಅಜ್ಜ. ಅಜ್ಜನಿಗೆ ಹೇಳಿದ್ದು ಅತ್ತೆಯ ಅಳು. ಅತ್ತೆಗೆ ಹೇಳಿದ್ದು...

"ಇವನೇ!" ಅತ್ತೆಯ ಬೆರಳು ನನ್ನ ಮೂಗಿಗೆ ಬಂತು. "ಕುಶಲ ಇಲ್ಲ, ಏನಿಲ್ಲ. ಕೊಪ್ಪರಿಗೆ ಕೊಡಿ, ನ್ಯೇಲೆ ಹೋದಳು, ಮಗೂನೂ ಜೊತೆಗೇ ಹೋದಳು ಅಂದ!"

"ಸಂತೆಗೆ, ಅತ್ತೆ..." ಎಂದೆ. "ಸಂತೆಗೆ ಹೋದಳು."

"ಸಂತೆಗೆ ಅನ್ನೋ ಒಂದು ಮಾತು ಸೇರಿಸಿದ್ರೆ ನಿನ್ನ ಗಂಟು ಕರಗಿ ಹೋಗ್ತಿತ್ತಾ?"

ಅದೇ ಹೊತ್ತಿಗೆ ಮಾವ ಬಂದರು. ಹೆಗಲ ಮೇಲೆ ಗುದ್ದಲಿ, ಮೊಣಕಾಲವರೆಗೆ ಮಣ್ಣು. ಬಾಗಿಲಲ್ಲಿ ಮಗಳನ್ನೂ ಮೊಮ್ಮಗಳನ್ನೂ ಕಂಡು ಗುದ್ದಲಿ ನೆಲಕ್ಕೆ ಹಾಕಿ ಕೂತುಬಿಟ್ಟರು. ಆಮೇಲೆ ಸಾರಾನ್‌ಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದರು: "ದೊಡ್ಡ ಗುಂಡಿ ಸೊಂಟದ ಮಟ್ಟ ಆಗಿತ್ತು. ಸಣ್ಣದಕ್ಕೆ ನನ್ನ ಕೈ ಏಳಲಿಲ್ಲ."

ನಾನು ತಲೆ ತಗ್ಗಿಸಿದೆ.

ಬ್ರೇಮಾ ಅಜ್ಜನೇ ನನ್ನನ್ನು ಕಾಪಾಡಿದ್ದು. "ತೋಡಿದ ಗುಂಡಿ ಖಾಲಿ ಬಿಡಬಾರ್ದು ಅಂತಾರೆ," ಎಂದು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. "ಇವನು ಸರಿಹೋಗ್ತಾನೆ. ಮಂಡಿ ಸ್ವಲ್ಪ ಮಡಿಸ್ಬೇಕಾಗುತ್ತೆ."

ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಅಂಗಳ ನಕ್ಕಿತು. ಮಾವನೂ ನಕ್ಕರು, ಕಣ್ಣೊರೆಸಿಕೊಳ್ಳುತ್ತಾ. ತ್ರಾವೊರೆಗಳು ಕೊನೆಗಳನ್ನು ಹೂಳುವ ಮಾತಾಡಬಹುದು. ಅದಕ್ಕೇ ಆ ಹಕ್ಕು ಇರುವುದು.

ಆದರೆ ಅತ್ತೆ ನಗಲಿಲ್ಲ. ತೀರ್ಪು ಅವರದು. "ಇಷ್ಟು ಜನ ಕೆಲಸ ಬಿಟ್ಟು ಬಂದಿದಾರೆ. ಒಬ್ಬೊಬ್ಬರ ಹತ್ರಾನೂ ಹೋಗಿ ನೆಟ್ಟಗೆ ಕುಶಲ ಕೇಳಬೇಕು. ಮನೆ, ಮಕ್ಕಳು, ದನ, ಕತ್ತೆ, ಒಂದೂ ಬಿಡೋ ಹಾಗಿಲ್ಲ. ಅದಾದ್ಮೇಲೆ ಊಟ."

ತಲೆ ಎಣಿಸಿದೆ. ಅರವತ್ತಮೂರು. ತಲೆಗೆ ನಾಲ್ಕು ನಿಮಿಷ. ನಾಲ್ಕು ಗಂಟೆ ಹನ್ನೆರಡು ನಿಮಿಷ! ಅನ್ನ ಘಮಘಮಿಸುತ್ತಿತ್ತು. ಬ್ರೇಮಾ ಅಜ್ಜನಿಂದ ಶುರು ಮಾಡಿದೆ. ಅವರು ಆ ಒಂದು ವಾರದ ಬಾಕಿಯನ್ನೂ ಸೇರಿಸಿ ವಸೂಲಿ ಮಾಡಿದರು. ಕತ್ತೆಯ ನಾಲ್ಕು ಕಾಲನ್ನೂ ಬೇರೆಬೇರೆಯಾಗಿ ಕೇಳಿಸಿದರು. ಕೆಲವರು ಮುಗಿಸಿಕೊಂಡು ಮೆಲ್ಲಗೆ ಸಾಲಿನ ತುದಿಗೆ ಹೋಗಿ ಮತ್ತೊಮ್ಮೆ ಕೂತದ್ದು ನನಗೆ ಕಾಣದೆ ಇರಲಿಲ್ಲ. ಹೆಡ್ಮಾಸ್ತರ್ ದಾವೊ ತಮ್ಮ ಸೊಂಟನೋವಿನ ಬಗ್ಗೆ ನನ್ನ ಕೈಲಿ ಎರಡು ಸಲ ಕೇಳಿಸಿದರು.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯವಳಾಗಿ ಉಳಿದದ್ದು ನ್ಯೇಲೆ. ಅಡುಗೆಯ ಕಟ್ಟೆಗೆ ಒರಗಿ ನಿಂತಿದ್ದಳು. ತಲೆವಸ್ತ್ರ ಮತ್ತೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಕಣ್ಣು ಇನ್ನೂ ಕೆಂಪಾಗಿತ್ತು. ನಾನು ಅವಳ ಮುಂದೆ ನಿಂತು ಕೈ ಎದೆಗೆ ಒತ್ತಿಕೊಂಡೆ. ಅರವತ್ತೆರಡು ಜನ ನಮ್ಮ ಕಡೆ ತಿರುಗಿದರು.

"ಹಗಲು ಸುಖವಾಗಿ ಕಳೀತಾ, ನ್ಯೇಲೆ?"

"ಬರೀ ಸುಖ."

"ತಾಯಿ?"

"ತೊಂದರೆಯಿಲ್ಲ."

"ತಂದೆ?"

"ತೊಂದರೆಯಿಲ್ಲ."

"ಮಗಳು?"

"ತೊಂದರೆಯಿಲ್ಲ."

"ಗಂಡ?"

ನ್ಯೇಲೆ ನನ್ನನ್ನು ನೆತ್ತಿಯಿಂದ ಪಾದದವರೆಗೆ ಒಮ್ಮೆ ನೋಡಿದಳು.

"ಮಧ್ಯಾಹ್ನ ಸ್ವಲ್ಪ ಹೊತ್ತು ಸತ್ತಿದ್ರು," ಎಂದಳು. "ಆಗ ಭಾಳ ಒಳ್ಳೆಯವರಾಗಿದ್ರು."